ಬೆಂಜ್ ಎಂಬ ಹೆಸರಿನ ಬೆಲೆ

ಸಂಜೆ ಆರೂವರೆಗೆ ದಿಲ್‌ಸುಖ್‌ನಗರ ಮೆಟ್ರೋ ಸ್ಟೇಷನ್ನಿನ ಮೇಲೆ ನಿಂತು ಕೆಳಗೆ ನೋಡಬೇಕು. ಕೋಚಿಂಗ್ ಸೆಂಟರ್ ಬಿಟ್ಟು ಹಾಸ್ಟೆಲ್ ಕಡೆ ಹೊರಟ ಹುಡುಗ ಹುಡುಗಿಯರು, ಡಿಪೋದಿಂದ ಹೊರಬರುವ ಬಸ್ಸುಗಳು, ಆಟೋಗಳು, ತಳ್ಳುಗಾಡಿಗಳು. ಇವೆಲ್ಲದರ ನಡುವೆ ಎಲ್.ಬಿ. ನಗರದ ಕಡೆ ಮುಖ ಮಾಡಿ ನಿಂತ ಒಂದು ಕರಿ ಬೆಂಜ್. ಟ್ರಾಫಿಕ್ಕಿನಲ್ಲಿ ಅದೂ ನಮ್ಮ ಹಾಗೆಯೇ ತೆವಳುತ್ತದೆ. ಒಂದೇ ವ್ಯತ್ಯಾಸ: ಎಲ್ಲರ ಗಾಡಿಗೂ ಮೈ ತಾಗಿಸಿಕೊಂಡು ನುಗ್ಗುವ ಆಟೋದವರು ಅದಕ್ಕೆ ಮಾತ್ರ ಒಂದು ಗೇಣು ಜಾಗ ಹೆಚ್ಚು ಬಿಡುತ್ತಾರೆ. ಹೆಸರಿಗಿರುವ ಬೆಲೆ ಆ ಒಂದು ಗೇಣು.

ಆ ಗೇಣಿನ ಆಸೆ ನಮ್ಮ ಮನೆಗೂ ಬಂತು. ಇಲ್ಲೇ ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುವ ನಮ್ಮಣ್ಣನ ಮಗ ಒಂದು ರಾತ್ರಿ ಫೋನ್ ಹಿಡಿದುಕೊಂಡು ಬಂದ.

"ಕಾಕಾ, ಬೆಂಜ್ ಸಿಗ್ಲಿಕತ್ತದ. ಹನ್ನೊಂದು ವರ್ಷ ಹಳೇದು, ದೆಹಲಿ ಗಾಡಿ. 14 ಲಕ್ಷ. ಅಷ್ಟೇ ರೊಕ್ಕಕ್ಕ ಹೊಸ ಸಾದಾ ಗಾಡಿ ಬರ್ತದ. ಬೆಂಜ್ ಅಂದ್ರ ಬೆಂಜ್ ಅಲ್ಲೇನು?"

ಬೇಡ ಅಂತ ಬಾಯಿಗೆ ಬಂದರೂ ಹೇಳಲಿಲ್ಲ. ಯಾಕೆಂದರೆ ನಾನು ಬೆಳೆದದ್ದೇ ಆ ಹೆಸರು ಕೇಳುತ್ತ.

ನಮ್ಮ ರಸ್ತೆಯ ಬೆಂಜ್

ಅಪ್ಪ ಹುಮನಾಬಾದಿನ ಒಬ್ಬ ಸಾಹುಕಾರರ ಲಾರಿ ಓಡಿಸುತ್ತಿದ್ದ. ಅದರ ಮೂತಿಯ ಮೇಲೆ ವೃತ್ತದೊಳಗೆ ಮೂರು ಮೊನೆಯ ನಕ್ಷತ್ರ ಇತ್ತು. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 1954ರಲ್ಲಿ 15 ವರ್ಷದ ಒಪ್ಪಂದ ಮಾಡಿಕೊಂಡು ಜಮ್‌ಶೇಡ್‌ಪುರದಲ್ಲಿ ಕಟ್ಟಿದ ಲಾರಿ ಅದು. 1969ರಲ್ಲಿ ಒಪ್ಪಂದ ಮುಗಿಯಿತು, ನಕ್ಷತ್ರದ ಜಾಗಕ್ಕೆ 'ಟಿ' ಅಕ್ಷರ ಬಂತು. ಆದರೂ ನಮ್ಮ ಕಡೆಯ ಹಳೆಯ ಡ್ರೈವರುಗಳು ಬಹಳ ವರ್ಷ ಟಾಟಾ ಲಾರಿಯನ್ನೂ ಬೆಂಜ್ ಅಂತಲೇ ಕರೆದರು. ಅವರ ಬಾಯಲ್ಲಿ ಬೆಂಜ್ ಅಂದರೆ ಶ್ರೀಮಂತರ ಕಾರಲ್ಲ. ಹತ್ತು ಟನ್ ಹೇರಿದರೂ ಘಾಟಿಯಲ್ಲಿ ಕೈಬಿಡದ ಇಂಜಿನ್ನು.

ಹುಮನಾಬಾದ್ ದಾಟುವ ಹೆದ್ದಾರಿ, ಈಗಿನ 65ನೇ ನಂಬರಿನದು, ಪುಣೆಯಿಂದ ಹೊರಟು ಸೋಲಾಪುರ, ಜಹೀರಾಬಾದ್ ಮೇಲೆ ಹೈದರಾಬಾದಿಗೆ ಬಂದು ವಿಜಯವಾಡದ ಕಡೆ ಹೋಗುತ್ತದೆ. ದಿಲ್‌ಸುಖ್‌ನಗರದ ನಡುವಿನ ರಸ್ತೆ ಅದೇ ಹಳೆಯ ವಿಜಯವಾಡ ರಸ್ತೆ. ಆ ಊರಿನ ದೊಡ್ಡ ಕೂಡುರಸ್ತೆಯ ಹೆಸರು ಇವತ್ತಿಗೂ ಬೆಂಜ್ ಸರ್ಕಲ್. ಇನ್ನೊಂದು ತುದಿಯ ಪುಣೆಯಲ್ಲಿ 1995ರಿಂದ ಬೆಂಜ್ ಕಾರು ಜೋಡಣೆ ನಡೆದಿದೆ. ಮೊದಲು ಟಾಟಾದವರ ಕಾರ್ಖಾನೆಯಲ್ಲಿ, 2009ರಿಂದ ಚಾಕಣದ ತಮ್ಮದೇ ಕಾರ್ಖಾನೆಯಲ್ಲಿ. ಒಂದೇ ರಸ್ತೆಯಲ್ಲಿ ನಮ್ಮಪ್ಪನ ಕಾಲಕ್ಕೆ ಬೆಂಜ್ ಅಂದರೆ ದುಡಿಮೆ, ನಮ್ಮ ಹುಡುಗನ ಕಾಲಕ್ಕೆ ಬೆಂಜ್ ಅಂದರೆ ಅಂತಸ್ತು.

ಈ ಹೆಸರು ಹುಟ್ಟಿದ್ದು ಹೇಗೆ ಅಂತ ಅವನಿಗೆ ಹೇಳಿದೆ. 14 ಲಕ್ಷ ಕೊಡುವವನು ಯಾತಕ್ಕೆ ಕೊಡುತ್ತೇನೆ ಅಂತ ತಿಳಿದಿರಬೇಕಲ್ಲ.

ಹೆಂಡತಿ ಓಡಿಸಿ ತೋರಿಸಿದ ಗಾಡಿ

ಕಾರ್ಲ್ ಬೆಂಜ್ ಜರ್ಮನಿಯ ಮ್ಯಾನ್‌ಹೈಮ್ ಊರಿನ ಇಂಜಿನಿಯರ್. 1886ರ ಜನವರಿ 29ರಂದು ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ. ಒಂದು ಕುದುರೆಯ ಶಕ್ತಿಯೂ ಪೂರ್ತಿ ಇಲ್ಲದ ಗಾಡಿ ಅದು. ಪೇಟೆಂಟ್ ಸಿಕ್ಕಿತು, ಗಿರಾಕಿ ಸಿಗಲಿಲ್ಲ.

1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬೆರ್ಥಾ ಬೆಂಜ್ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಅವನು ಮಾಡಿದ ಮೋಟಾರು ಗಾಡಿಯಲ್ಲಿ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿ. ಮದುವೆಗೆ ಮುಂಚೆಯೇ ತನ್ನ ವರದಕ್ಷಿಣೆ ಹಣವನ್ನು ಅವನ ವ್ಯವಹಾರಕ್ಕೆ ಹಾಕಿದ್ದವಳು ಅವಳು. ಗಾಡಿ ಮೂಲೆಯಲ್ಲಿ ಕೂತರೆ ಮುಳುಗುವುದು ಅವಳ ದುಡ್ಡೂ ಹೌದು. ದಾರಿಯಲ್ಲಿ ಇಂಧನ ಮುಗಿದಾಗ ವೀಸ್ಲೋಖ್ ಎಂಬಲ್ಲಿ ಔಷಧಿ ಅಂಗಡಿಯಿಂದ ಕಲೆ ತೆಗೆಯುವ ದ್ರಾವಣ ಕೊಂಡು ತುಂಬಿಸಿದಳು. ಕಟ್ಟಿಕೊಂಡ ಕೊಳವೆಯನ್ನು ಟೋಪಿಯ ಸೂಜಿಯಿಂದ ಬಿಡಿಸಿದಳು. ಬ್ರೇಕ್ ಸವೆದಾಗ ಚಮ್ಮಾರನ ಕೈಯಲ್ಲಿ ಚರ್ಮ ಹೊಡೆಸಿದಳು. ಏರಿನಲ್ಲಿ ಗಾಡಿ ಹತ್ತದೆ ಮಕ್ಕಳು ಇಳಿದು ನೂಕಬೇಕಾಯಿತು. ವಾಪಸ್ ಬಂದಮೇಲೆ ಕಾರ್ಲ್ ಬೆಂಜ್ ಏರು ಹತ್ತಲು ಇನ್ನೊಂದು ಗೇರು ಸೇರಿಸಿದ.

ಕಂಪನಿಯ ಹೆಸರಿನ ಮೊದಲ ಇಟ್ಟಿಗೆ ಇದು. ಗಾಡಿ ಚೆನ್ನಾಗಿದೆ ಅಂತ ಯಾರೂ ಭಾಷಣ ಮಾಡಲಿಲ್ಲ. ಓಡಿಸಿ, ಎಲ್ಲಿ ಕೆಡುತ್ತದೆ ನೋಡಿ, ಸರಿ ಮಾಡಿದರು.

ಮಗಳ ಹೆಸರು, ಮೂರು ಮೊನೆ

ಅದೇ ಕಾಲಕ್ಕೆ ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ನಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಖ್ ಬೇರೆಯೇ ಮೋಟಾರು ಮಾಡುತ್ತಿದ್ದರು. ಡೈಮ್ಲರ್ ಕಂಪನಿಯ ಕಾರನ್ನು ಫ್ರಾನ್ಸಿನ ನೀಸ್ ಪಟ್ಟಣದ ಸಿರಿವಂತರಿಗೆ ಮಾರುತ್ತಿದ್ದವನು ಎಮಿಲ್ ಯೆಲಿನೆಕ್ ಎಂಬ ಆಸ್ಟ್ರಿಯಾದ ವ್ಯಾಪಾರಿ. ರೇಸಿನಲ್ಲಿ ತನ್ನ ಹೆಸರಿನ ಬದಲು ಮಗಳ ಹೆಸರು ಕೊಡುತ್ತಿದ್ದ: ಮರ್ಸಿಡಿಸ್. 1900ರಲ್ಲಿ ಒಮ್ಮೆಗೇ 36 ಕಾರಿಗೆ ಆರ್ಡರ್ ಕೊಟ್ಟು, ಹೊಸ ಇಂಜಿನ್ನಿಗೆ ಆ ಹೆಸರನ್ನೇ ಇಡಬೇಕು ಅಂತ ಷರತ್ತು ಹಾಕಿದ. ಮೈಬಾಖ್ ರೂಪಿಸಿದ ಆ ಕಾರು 1901ರಲ್ಲಿ ನೀಸ್ ರೇಸುಗಳನ್ನು ಗೆದ್ದಿತು, 1902ರಲ್ಲಿ ಹೆಸರು ನೋಂದಣಿಯಾಯಿತು. ಮರುವರ್ಷ ಯೆಲಿನೆಕ್ ತನ್ನ ಮನೆತನದ ಹೆಸರಿಗೂ ಮರ್ಸಿಡಿಸ್ ಸೇರಿಸಿಕೊಂಡ. ಮಗಳ ಹೆಸರನ್ನು ತಂದೆ ಇಟ್ಟುಕೊಂಡ ಅಪರೂಪದ ಕಥೆ.

ನೆಲ, ನೀರು, ಆಕಾಶ ಮೂರಕ್ಕೂ ನಮ್ಮ ಮೋಟಾರು ಎನ್ನುವ ಅರ್ಥದ ನಕ್ಷತ್ರ 1909ರದು. ಮೊದಲ ಮಹಾಯುದ್ಧದ ನಂತರ ಬಡವಾದ ಜರ್ಮನಿಯಲ್ಲಿ ಎರಡು ಕಂಪನಿಗಳಿಗೂ ಒಂಟಿಯಾಗಿ ಉಳಿಯುವುದು ಕಷ್ಟವಾಗಿ, 1926ರ ಜೂನಿನಲ್ಲಿ ಒಂದಾದವು. ಮರ್ಸಿಡಿಸ್-ಬೆಂಜ್ ಎಂಬ ಜೋಡಿ ಹೆಸರು ಬಂದದ್ದು ಹೀಗೆ.

ಈ ಕಥೆಗೆ ನಮ್ಮ ಬೆಂಗಳೂರೂ ಸೇರುತ್ತದೆ. 1936ರಲ್ಲಿ ಬಂದ ಮರ್ಸಿಡಿಸ್‌ನ ಡೀಸೆಲ್ ಕಾರಿನಲ್ಲಿ ಇಂಧನ ಚಿಮ್ಮಿಸುವ ಪಂಪು ಬಾಶ್ ಕಂಪನಿಯದು. ಅದೇ ಬಾಶ್ ಜೊತೆ 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ಮೈಕೋ. ಆಡುಗೋಡಿಯ ಮೈಕೋದಲ್ಲಿ ಕೆಲಸ ಎಂದರೆ ಆಗ ಹೆಣ್ಣು ಕೊಡುವವರು ಹೆಚ್ಚು ಪ್ರಶ್ನೆ ಕೇಳುತ್ತಿರಲಿಲ್ಲ. 1996ರಲ್ಲಿ ಮರ್ಸಿಡಿಸ್ ತನ್ನ ಸಂಶೋಧನಾ ಕೇಂದ್ರವನ್ನೂ ಬೆಂಗಳೂರಿನಲ್ಲೇ ತೆರೆಯಿತು. ಜರ್ಮನಿಯ ಹೊರಗೆ ಆ ಕಂಪನಿಗೆ ಇರುವ ಅತಿ ದೊಡ್ಡ ಕೇಂದ್ರ ಇದು.

ನಕ್ಷತ್ರದ ಕರಿ ಬದಿ

ಇಲ್ಲಿಗೇ ನಿಲ್ಲಿಸಿದರೆ ಅದು ಕಂಪನಿಯ ಕ್ಯಾಲೆಂಡರ್ ಆಗುತ್ತದೆ. ಹಿಟ್ಲರ್ ಮೆರವಣಿಗೆ ಹೋಗುತ್ತಿದ್ದದ್ದು ತೆರೆದ ಮರ್ಸಿಡಿಸ್ ಕಾರಿನಲ್ಲಿ. ಆ ಕಾರಿಗೆ ಹೆಸರು ಕೊಟ್ಟ ಮರ್ಸಿಡಿಸ್ ಯೆಲಿನೆಕ್ 1929ರಲ್ಲೇ ತೀರಿಕೊಂಡಿದ್ದಳು. ಅವಳ ಅಜ್ಜ ಅಡಾಲ್ಫ್ ಯೆಲಿನೆಕ್ ವಿಯೆನ್ನಾದ ಹೆಸರಾಂತ ಯಹೂದಿ ಧರ್ಮಗುರು. ಯಹೂದಿಗಳನ್ನು ಲಕ್ಷ ಲಕ್ಷ ಕೊಂದವನು ಯಹೂದಿ ಗುರುವಿನ ಮೊಮ್ಮಗಳ ಹೆಸರಿನ ಕಾರಿನಲ್ಲಿ ಓಡಾಡಿದ.

ಅದಕ್ಕಿಂತ ದೊಡ್ಡ ಕಳಂಕ ಕಾರ್ಖಾನೆಗಳ ಒಳಗಿತ್ತು. 1944ರಲ್ಲಿ ಡೈಮ್ಲರ್-ಬೆಂಜ್‌ನಲ್ಲಿ ದುಡಿಯುತ್ತಿದ್ದ 63 ಸಾವಿರಕ್ಕೂ ಹೆಚ್ಚು ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಬಲವಂತವಾಗಿ ಎಳೆತಂದ ಕಾರ್ಮಿಕರು, ಯುದ್ಧಕೈದಿಗಳು, ಸೆರೆಶಿಬಿರಗಳ ಬಂದಿಗಳು. ಕಂಪನಿ ಈಗ ಇದನ್ನು ಮುಚ್ಚಿಡುವುದಿಲ್ಲ. ಆದರೆ 2 ಕೋಟಿ ಮಾರ್ಕ್ ಪರಿಹಾರದ ಹಣ ತೆಗೆದಿಟ್ಟದ್ದು 1988ರಲ್ಲಿ, ಯುದ್ಧ ಮುಗಿದು 43 ವರ್ಷದ ಮೇಲೆ. ಅಷ್ಟರಲ್ಲಿ ಎಷ್ಟೋ ಜನ ಹೋಗಿಬಿಟ್ಟಿದ್ದರು.

ತೀರಾ ಈಚೆಗೆ, 2020ರಲ್ಲಿ, ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡುವ ಸಾಫ್ಟ್‌ವೇರ್ ಇತ್ತೆಂಬ ಆರೋಪದ ಮೇಲೆ ಅಮೆರಿಕದಲ್ಲಿ ಸರ್ಕಾರ ಮತ್ತು ಗ್ರಾಹಕರ ದಾವೆಗಳನ್ನು ಸುಮಾರು 220 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಅಣ್ಣನ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಹಂಗಾದ್ರ ಹೆಸರು ಉಳಿದದ್ದು ಹ್ಯಾಂಗ ಕಾಕಾ?"

ಮಗುಚಿದ ಕಾರು

ಉಳಿದದ್ದು ಬಹುಮಟ್ಟಿಗೆ ಜೀವ ಉಳಿಸುವ ಕೆಲಸದಿಂದ. ಗಟ್ಟಿ ಕಾರು ಎಂದರೆ ಒಂದಿಷ್ಟೂ ನೆಗ್ಗದ ಕಾರು ಎಂದು ಜಗತ್ತು ನಂಬಿದ್ದಾಗ, ಈ ಕಂಪನಿಯ ಇಂಜಿನಿಯರ್ ಬೇಲಾ ಬಾರೆನ್ಯಿ ಅದು ತಪ್ಪು ಅಂದ. ಮುಂಭಾಗ, ಹಿಂಭಾಗ ನೆಗ್ಗಿ ಪೆಟ್ಟನ್ನು ನುಂಗಬೇಕು, ಜನ ಕೂರುವ ಗೂಡು ಮಾತ್ರ ಗಟ್ಟಿಯಾಗಿರಬೇಕು. 1951ರಲ್ಲಿ ಪೇಟೆಂಟಿಗೆ ಹಾಕಿದ ಈ ವಿಚಾರ 1959ರಲ್ಲಿ ರಸ್ತೆಗೆ ಬಂತು. 1978ರಲ್ಲಿ ಬಾಶ್ ಜೊತೆ ಎಬಿಎಸ್ ಬ್ರೇಕ್. 1981ರಲ್ಲಿ ಏರ್‌ಬ್ಯಾಗ್, ಇದನ್ನು ಅಮೆರಿಕದವರು ಮೊದಲೇ ಮಾರಿ ಕೈಬಿಟ್ಟಿದ್ದರು, ಇವರು ಹಿಡಿದು ನಿಂತರು.

ಆಮೇಲೆ ಬಂತು 1997ರ ಅಕ್ಟೋಬರ್. ಸ್ವೀಡನ್ನಿನ ಒಂದು ಪತ್ರಿಕೆಯವರು ಹೊಸ ಎ-ಕ್ಲಾಸ್ ಕಾರನ್ನು ಪರೀಕ್ಷೆಗೆ ಒಯ್ದರು. ರಸ್ತೆಗೆ ಏಕಾಏಕಿ ಕಡವೆಯಂಥ ಪ್ರಾಣಿ ಅಡ್ಡ ಬಂದರೆ ಸ್ಟೀರಿಂಗ್ ಎಳೆದು ತಪ್ಪಿಸಿ ಮತ್ತೆ ಸಾಲಿಗೆ ಬರುವ ಪರೀಕ್ಷೆ. ಕಾರು ಮಗುಚಿ ಬಿತ್ತು. ನೂರು ವರ್ಷದ ಹೆಸರು ಒಂದು ಫೋಟೋದಲ್ಲಿ ತಲೆಕೆಳಗು. ಕಂಪನಿ ಮೊದಲು ಜಗ್ಗಾಡಿತು. ನಂತರ ಮಾರಾಟ ನಿಲ್ಲಿಸಿತು, ಮಾರಿದ್ದ ಕಾರು ವಾಪಸ್ ಕರೆಸಿತು, ಆ ತನಕ ದುಬಾರಿ ಕಾರಿನಲ್ಲಷ್ಟೇ ಇದ್ದ ಇಎಸ್‌ಪಿಯನ್ನು ತನ್ನ ಅತಿ ಚಿಕ್ಕ ಕಾರಿಗೂ ಕಡ್ಡಾಯವಾಗಿ ಹಾಕಿತು. ಕಾರು ಅಡ್ಡ ಜಾರತೊಡಗಿದರೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ ಇದು. ಚಿಕ್ಕ ಕಾರುಗಳಿಗೆ ಇಎಸ್‌ಪಿ ಬರಲು ಆ ಮಗುಚುವಿಕೆಯೇ ದಾರಿ ಮಾಡಿತು.

ಬೆರ್ಥಾಳ ಏರು ಹತ್ತದ ಗಾಡಿಯಿಂದ ಮಗುಚಿದ ಎ-ಕ್ಲಾಸ್‌ವರೆಗೆ ಒಂದೇ ಪಾಠ. ಕೆಟ್ಟದ್ದನ್ನು ಒಪ್ಪಿಕೊಂಡು ಸರಿ ಮಾಡಿದಾಗಲೆಲ್ಲ ಹೆಸರು ಬೆಳೆದಿದೆ. ಮುಚ್ಚಿಟ್ಟಾಗ ಕಳೆದಿದೆ.

14 ಲಕ್ಷದ ಲೆಕ್ಕ

ಮತ್ತೆ ನಮ್ಮ ದೆಹಲಿ ಗಾಡಿಗೆ ಬರೋಣ. ಹೈದರಾಬಾದ್, ಬೆಂಗಳೂರು ಎಲ್ಲ ಕಡೆ ಇಂಥ ಗಾಡಿ ಮಾರಾಟಕ್ಕಿವೆ, ನಿಮ್ಮಲ್ಲೂ ಯಾರಾದರೂ ನೋಡುತ್ತಿರಬಹುದು. ಇಷ್ಟು ಅಗ್ಗ ಯಾಕೆ? ದೆಹಲಿ ಸೀಮೆಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಓಡಿಸಲಾಗದ ಗಾಡಿಗಳು ದಕ್ಷಿಣಕ್ಕೆ ಬಂದವು. ಇಲ್ಲಿ ನೋಂದಣಿಗೆ ಅಲ್ಲಿನ ಆರ್‌ಟಿಒದ ಎನ್‌ಒಸಿ ಬೇಕು, ಇಲ್ಲಿನ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ನೋಂದಣಿಯ 15 ವರ್ಷದಲ್ಲಿ 11 ಆಗಲೇ ಕಳೆದಿರುತ್ತದೆ. ಎಲ್ಲಕ್ಕಿಂತ ಮುಖ್ಯ: ಹಳೆಯ ಕಾರಿನ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. 14 ಲಕ್ಷಕ್ಕೆ ಕೊಂಡ ಬೆಂಜ್‌ಗೆ ರಿಪೇರಿ ಬಿಲ್ಲು ಬರುವುದು ಅರ್ಧ ಕೋಟಿಯ ಬೆಂಜ್ ಲೆಕ್ಕದಲ್ಲೇ.

"ತಗೋ, ಬೇಡ ಅನ್ನೂದಿಲ್ಲ. ಸರ್ವಿಸ್ ದಾಖಲೆ ಕೇಳು. ಇನ್ಶೂರೆನ್ಸ್ ಕ್ಲೇಮ್ ಆಗ್ಯಾವೇನು ನೋಡು. ಮೆಕ್ಯಾನಿಕ್ ಕರ್ಕೊಂಡು ಹೋಗು" ಅಂದೆ.

ಮರುದಿನ ಹೋಗಿ ಬಂದ. ದಾಖಲೆ ಕೇಳಿದ್ದಕ್ಕೆ ಮಾರುವವರು ನಕ್ಕು, "ಬೆಂಜ್ ಗಾಡಿಗೆ ಅದೆಲ್ಲ ಯಾಕೆ ಸಾರ್?" ಅಂದರಂತೆ. ಹುಡುಗ ಎದ್ದು ಬಂದುಬಿಟ್ಟ.

ಈಗ ಹೊಸ ಸಾದಾ ಗಾಡಿ ತೆಗೆದುಕೊಂಡಿದ್ದಾನೆ. ಮೊನ್ನೆ ಊರಿಗೆ ಹೊರಟಾಗ ನಾನೂ ಕೂತಿದ್ದೆ. ಸಂಗಾರೆಡ್ಡಿ ದಾಟಿದ ಮೇಲೆ ಒಂದು ಎಮ್ಮೆ ಏಕಾಏಕಿ ರಸ್ತೆಗೆ ಬಂತು. ಬ್ರೇಕ್ ತುಳಿದು ಸ್ಟೀರಿಂಗ್ ತಿರುವಿದ. ಗಾಡಿ ಒಮ್ಮೆ ಕಾಲಡಿ ನಡುಗಿ, ನೆಟ್ಟಗೆ ನಿಂತಿತು. ಎಮ್ಮೆ ನಮ್ಮನ್ನು ನೋಡಿ ತನ್ನ ಪಾಡಿಗೆ ಹೋಯಿತು.

ನಮ್ಮ ದೇಶದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರಲ್ಲಿ. ಇವನ ಗಾಡಿಯಲ್ಲಿ ಇಎಸ್‌ಪಿಯೂ ಇದೆ, ಆರು ಏರ್‌ಬ್ಯಾಗೂ ಇವೆ, ನೆಗ್ಗಬೇಕಾದಲ್ಲಿ ನೆಗ್ಗುವ ಮೂತಿಯೂ ಇದೆ.

"ನೋಡು, ಬೆಂಜ್‌ನ ಒಳ್ಳೇದೆಲ್ಲ ಇದ್ರಾಗೇ ಅದ" ಅಂದೆ.

"ನಕ್ಷತ್ರ ಒಂದು ಇಲ್ಲ ಕಾಕಾ" ಅಂದು ನಕ್ಕ. ಅವನ ಕೈ ಇನ್ನೂ ಸಣ್ಣಗೆ ನಡುಗುತ್ತಿತ್ತು. ಜಹೀರಾಬಾದಿನಲ್ಲಿ ಇಳಿದು ಚಹಾ ಕುಡಿದು ಮುಂದೆ ಹೊರಟೆವು.