ಪರದೇಶದ ರಸ್ತೆಯಲ್ಲಿ ಪೆಟ್ರೋಲಿನ ಲೆಕ್ಕ

ಲಾಸ್ ಏಂಜಲೀಸ್‌ನಿಂದ ಲಾಸ್ ವೇಗಸ್‌ಗೆ, ಅಲ್ಲಿಂದ ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚಿಗೆ ಹೋಗಿ ಕಿಂಗ್‌ಮನ್ ಮಾರ್ಗವಾಗಿ ಮರಳುವ ಕಾರು ಪ್ರವಾಸವು ಸುಮಾರು 1,050 ಮೈಲಿ, ಅಂದರೆ 1,700 ಕಿಲೋಮೀಟರುಗಳಷ್ಟಾಗುತ್ತದೆ. ಅಮೆರಿಕದಲ್ಲಿರುವ ಮಕ್ಕಳನ್ನು ಕಾಣಲು ಹೋಗುವ ಕನ್ನಡಿಗರಿಗೂ ಪ್ರಿಯವಾದ ಈ ಪ್ರವಾಸದಲ್ಲಿ ಪೆಟ್ರೋಲಿನ ವೆಚ್ಚವನ್ನು ಅಂದಾಜಿಗೆ ಬಿಡಬೇಕಾಗಿಲ್ಲ; ಎಷ್ಟು ಪೆಟ್ರೋಲ್ ಬೇಕೆಂಬುದನ್ನು ಮೊದಲು ನಿರ್ಧರಿಸಿ, ಅದನ್ನು ಎಲ್ಲಿ ತುಂಬಿಸಬೇಕೆಂಬುದನ್ನು ಆಮೇಲೆ ಯೋಚಿಸಿದರೆ ವೆಚ್ಚವು ಬಹುಮಟ್ಟಿಗೆ ಹಿಡಿತಕ್ಕೆ ಸಿಗುತ್ತದೆ.

ಅಲ್ಲಿ ಪೆಟ್ರೋಲನ್ನು ಅಳೆಯುವುದು ಗ್ಯಾಲನ್‌ನಲ್ಲಿ. ಅಮೆರಿಕದ ಗ್ಯಾಲನ್ 3.785 ಲೀಟರಿಗೆ ಸಮ; 4.546 ಲೀಟರಿನ ಬ್ರಿಟಿಷ್ ಗ್ಯಾಲನ್ ಇದಕ್ಕಿಂತ ದೊಡ್ಡದಾದ್ದರಿಂದ ಎರಡನ್ನೂ ಒಂದೆಂದು ಭಾವಿಸಿದರೆ ಲೆಕ್ಕ ತಪ್ಪುತ್ತದೆ. ಗ್ಯಾಲನ್ನಿಗೆ 30 ಮೈಲಿ, ಅಂದರೆ ಲೀಟರಿಗೆ ಸುಮಾರು 12.75 ಕಿಲೋಮೀಟರ್ ಮೈಲೇಜ್ ಕೊಡುವ ಕಾರಿಗೆ ಈ ದಾರಿಯಲ್ಲಿ 35 ಗ್ಯಾಲನ್ ಬೇಕಾಗುತ್ತದೆ. ಆದರೆ ಮರುಭೂಮಿಯ ಬಿಸಿಲಿನಲ್ಲಿ ಎಸಿ ನಿಲ್ಲಿಸುವಂತಿಲ್ಲ, ಕ್ಯಾನಿಯನ್‌ನ ಅಂಚು ಸುಮಾರು 7,000 ಅಡಿ ಎತ್ತರದಲ್ಲಿದೆ, ಊರೊಳಗಿನ ಓಡಾಟವೂ ಇರುತ್ತದೆ. ಆದ್ದರಿಂದ 40 ಗ್ಯಾಲನ್ ಎಂದು ಬರೆದುಕೊಳ್ಳುವುದು ಕ್ಷೇಮ.

ಬೆಲೆಯ ವಿಷಯ ಇದಕ್ಕಿಂತ ಸ್ವಾರಸ್ಯಕರವಾದದ್ದು. ಒಕ್ಕೂಟ ಸರ್ಕಾರದ ತೆರಿಗೆ ದೇಶದೆಲ್ಲೆಡೆ ಗ್ಯಾಲನ್ನಿಗೆ 18.4 ಸೆಂಟ್ ಆಗಿದ್ದರೂ ರಾಜ್ಯಗಳ ತೆರಿಗೆ ಬೇರೆಬೇರೆಯಾಗಿದ್ದು, ಅರಿಜೋನಾದಲ್ಲಿ 18 ಸೆಂಟ್ ಇರುವ ತೆರಿಗೆ ಕ್ಯಾಲಿಫೋರ್ನಿಯಾದಲ್ಲಿ 60 ಸೆಂಟನ್ನು ದಾಟಿದೆ. ಸಾಲದ್ದಕ್ಕೆ, ವಾಯುಮಾಲಿನ್ಯ ತಡೆಯಲು ಕ್ಯಾಲಿಫೋರ್ನಿಯಾ ತನ್ನದೇ ವಿಶೇಷ ಮಿಶ್ರಣದ ಪೆಟ್ರೋಲನ್ನು ಕಡ್ಡಾಯಗೊಳಿಸಿದೆ; ಅದನ್ನು ತಯಾರಿಸುವ ಸಂಸ್ಕರಣಾಗಾರಗಳು ಕಡಿಮೆಯಾದ್ದರಿಂದ ಒಂದು ನಿಂತರೂ ಬೆಲೆ ಏರುತ್ತದೆ. ನೆವಾಡ ರಾಜ್ಯಕ್ಕೆ ಹೆಚ್ಚಿನ ಪೂರೈಕೆ ಕ್ಯಾಲಿಫೋರ್ನಿಯಾದಿಂದಲೇ ಬರುವುದರಿಂದ ಲಾಸ್ ವೇಗಸ್‌ನಲ್ಲಿ ಬೆಲೆ ತೀರ ಇಳಿಯುವುದಿಲ್ಲ. ಅರಿಜೋನಾಕ್ಕೂ ಕ್ಯಾಲಿಫೋರ್ನಿಯಾಕ್ಕೂ ಗ್ಯಾಲನ್ನಿಗೆ ಒಂದು ಡಾಲರಿಗೂ ಮೀರಿದ ಅಂತರ ಕಂಡುಬರುವುದು ಅಪರೂಪವಲ್ಲ. ಹೀಗಾಗಿ ಹಿಂದಿರುಗುವಾಗ ಅರಿಜೋನಾದ ಗಡಿಯೊಳಗೇ ಇರುವ ಕಿಂಗ್‌ಮನ್‌ನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸುವುದು ಜಾಣತನ: ಅಲ್ಲಿಂದ ಲಾಸ್ ಏಂಜಲೀಸ್‌ಗೆ ಸುಮಾರು 320 ಮೈಲಿ, 12 ಗ್ಯಾಲನ್ ಟ್ಯಾಂಕಿನ ಕಾರು ಅಷ್ಟು ದೂರವನ್ನು ಹೇಗೋ ತಲುಪಬಲ್ಲದು, ಅಕಸ್ಮಾತ್ ಸಾಲದಿದ್ದರೆ ದಾರಿಯಲ್ಲಿ ಸಿಗುವ ಬಾರ್‌ಸ್ಟೋದಲ್ಲಿ ನಾಲ್ಕು ಗ್ಯಾಲನ್ ಹಾಕಿಸಿದರಾಯಿತು.

ಅಂಗಡಿಯ ಇತರ ಸಾಮಾನಿನಂತಲ್ಲದೆ ಪೆಟ್ರೋಲಿನ ಫಲಕದ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಆದರೆ ಕೆಲವು ಬಂಕುಗಳು ನಗದಿಗೊಂದು, ಕಾರ್ಡಿಗೊಂದು ಬೆಲೆ ಹಾಕಿರುತ್ತವೆ. ಕಾರ್ಡ್ ತೂರಿಸಿದಾಗ ಪಂಪ್ ಐದು ಅಂಕಿಯ ಅಮೆರಿಕನ್ ಪಿನ್‌ಕೋಡ್ ಕೇಳುವುದುಂಟು. ಭಾರತದ ಕಾರ್ಡುಗಳು ಅಲ್ಲಿ ತಿರಸ್ಕೃತವಾದರೆ ಒಳಗಿನ ಕೌಂಟರಿನಲ್ಲಿ ಮುಂಗಡ ಕೊಟ್ಟು ಪಂಪ್ ಸಂಖ್ಯೆ ಹೇಳಬೇಕು, ಬಳಸದ ಹಣ ಮರಳಿ ಸಿಗುತ್ತದೆ. ಪಂಪಿನಲ್ಲೇ ಕಾರ್ಡ್ ಒಪ್ಪಿದರೂ ನಿಜವಾದ ಬಿಲ್ಲಿಗಿಂತ ಹೆಚ್ಚಿನ ಮೊತ್ತ ಕೆಲವು ದಿನ ತಡೆಹಿಡಿಯಲ್ಪಡಬಹುದಾದ್ದರಿಂದ, ಡೆಬಿಟ್ ಕಾರ್ಡನ್ನೇ ನಂಬಿದವರು ಖಾತೆಯಲ್ಲಿ ಅಷ್ಟು ಹೆಚ್ಚುವರಿ ಹಣ ಇಟ್ಟಿರಬೇಕು.