ಬಾವಿಯ ತಳದಲ್ಲೊಂದು ರಂಗಮಂದಿರ

ಇಟಲಿಯ ನೇಪಲ್ಸ್ ಬಳಿಯ ಎರ್ಕೊಲಾನೊ ಪಟ್ಟಣಕ್ಕೆ ಆಗ ರೆಸೀನಾ ಎಂದು ಹೆಸರು. 1710ರ ಸುಮಾರಿಗೆ ಅಲ್ಲಿ ರೈತನೊಬ್ಬ ಬಾವಿ ತೋಡಿಸುವಾಗ ಅಮೃತಶಿಲೆಯ ತುಂಡುಗಳು ಮೇಲೆ ಬಂದವು. ಪಕ್ಕದ ಪೋರ್ಟಿಚಿಯಲ್ಲಿ ಬಂಗಲೆ ಕಟ್ಟಿಸುತ್ತಿದ್ದ ಎಲ್ಬಫ್ ರಾಜಕುಮಾರನಿಗೆ ಅಂಥ ಕಲ್ಲೇ ಬೇಕಾಗಿತ್ತು. ಆತ ಆ ಬಾವಿಯನ್ನೇ ಕೊಂಡು, ತಳದಿಂದ ಸುರಂಗ ಕೊರೆಸಿದ. ಬಾವಿ ಇಳಿದಿದ್ದು ರೋಮನ್ ರಂಗಮಂದಿರವೊಂದರ ವೇದಿಕೆಯ ಮೇಲೆ ಎಂಬ ಕಲ್ಪನೆಯೂ ಅವನಿಗಿರಲಿಲ್ಲ. ಸಿಕ್ಕ ಮೂರು ಸ್ತ್ರೀಪ್ರತಿಮೆಗಳನ್ನು ವಿಯೆನ್ನಾಕ್ಕೆ ಉಡುಗೊರೆಯಾಗಿ ಕಳಿಸಿದ. ಅವು ಈಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿವೆ.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ, ಇದೇ ಜಾಗದಲ್ಲಿದ್ದ ಹರ್ಕ್ಯುಲೇನಿಯಂ ಎಂಬ ರೋಮನ್ ನಗರದ ಮೇಲೆ ಸುಡುಬೂದಿ, ಅನಿಲಗಳ ಪ್ರವಾಹ ಅಲೆಅಲೆಯಾಗಿ ನುಗ್ಗಿ ಕ್ರಮೇಣ ಕಲ್ಲಿನಂತೆ ಗಟ್ಟಿಯಾಯಿತು. ಅದರಡಿ, 20 ಮೀಟರಿಗೂ ಹೆಚ್ಚು ಆಳದಲ್ಲಿ ರಂಗಮಂದಿರ, ಮೇಲೆ ಜನವಸತಿ. ಹಾಗಾಗಿ 1738ರಲ್ಲಿ ನೇಪಲ್ಸ್‌ನ ದೊರೆ ಚಾರ್ಲ್ಸ್ ಮತ್ತೆ ಅಗೆತ ಶುರುಮಾಡಿಸಿದಾಗಲೂ ಉಳಿದದ್ದು ಸುರಂಗದ ದಾರಿಯೇ. ಉಸ್ತುವಾರಿ ಸೇನಾ ಎಂಜಿನಿಯರ್ ಅಲ್ಕುಬಿಯೆರೆಯದು. ದೀವಟಿಗೆಯ ಹೊಗೆ, ಕೆಟ್ಟ ಗಾಳಿ. ಅಗೆಯುವವರಲ್ಲಿ ಕೈದಿಗಳೂ ಇದ್ದರು. ಒಂದು ಸುರಂಗದ ಮಣ್ಣನ್ನು ಹಿಂದಿನ ಸುರಂಗಕ್ಕೆ ತುಂಬಿ ಮುಂದೆ ಸಾಗುತ್ತಿದ್ದರು. ಅದೇ ವರ್ಷ ಸಿಕ್ಕ ಶಾಸನವನ್ನು ವಿದ್ವಾಂಸ ಮಾರ್ಸೆಲ್ಲೊ ವೆನೂತಿ ಓದಿದಾಗಲೇ ಅದು ರಂಗಮಂದಿರವೆಂದು ಖಾತ್ರಿಯಾಯಿತು. ಕಟ್ಟಿಸಿದವನು ಆನ್ನಿಯಸ್ ಮಮ್ಮಿಯಾನಸ್ ರೂಫಸ್, ವಾಸ್ತುಶಿಲ್ಪಿ ನುಮಿಸಿಯಸ್. ಹದಿನಾರು ಶತಮಾನ ಮಣ್ಣಿನಡಿ ಇದ್ದು, ಕಟ್ಟಿದವನ ಹೆಸರೂ ಉಳಿಯುವುದು ಎಷ್ಟು ಅಪರೂಪ!

ದೊರೆಗೆ ಬೇಕಾಗಿದ್ದು ಅರಮನೆ ಅಲಂಕರಿಸುವ ವಸ್ತುಗಳು. ಕಲಾ ಇತಿಹಾಸಕಾರ ವಿಂಕಲ್ಮನ್ 1762ರಲ್ಲಿ ಬರೆದ ಬಹಿರಂಗ ಪತ್ರದಲ್ಲಿ ಹೇಳುವ ಒಂದು ಸಂಗತಿ ಓದಿದರೆ ಇಂದಿಗೂ ಸಂಕಟವಾಗುತ್ತದೆ. ಶಾಸನವೊಂದರ ಕಂಚಿನ ಅಕ್ಷರಗಳನ್ನು, ಅದರಲ್ಲಿ ಏನು ಬರೆದಿದೆಯೆಂದು ನಕಲು ಮಾಡಿಕೊಳ್ಳದೆಯೇ ಕಿತ್ತು, ಬುಟ್ಟಿಗೆ ತುಂಬಿ ದೊರೆಗೆ ಒಪ್ಪಿಸಿದರಂತೆ. ಅಕ್ಷರಗಳೆಲ್ಲ ಇದ್ದವು, ಮಾತು ಮಾತ್ರ ಕಳೆದುಹೋಗಿತ್ತು.

ಅದೇ ಕತ್ತಲಲ್ಲಿ ಕಾರ್ಲ್ ವೆಬರ್ ಕೆಲಸ ಮಾಡಿದ್ದೂ. 1750ರಲ್ಲಿ ಅಲ್ಕುಬಿಯೆರೆಯ ಕೈಕೆಳಗೆ ಸೇರಿದ ಈ ಸ್ವಿಸ್ ಎಂಜಿನಿಯರ್, ಯಾವ ವಸ್ತು ಯಾವ ಕೋಣೆಯ ಯಾವ ಮೂಲೆಯಲ್ಲಿ ಸಿಕ್ಕಿತೆಂದು ನಕ್ಷೆಯಲ್ಲಿ ಗುರುತು ಹಾಕಿದ. ರಂಗಮಂದಿರವನ್ನೂ ಅಳೆದ. ಸಿಕ್ಕ ಪ್ರತಿಮೆಯಷ್ಟೇ ಅದು ಸಿಕ್ಕ ಜಾಗವೂ ಮುಖ್ಯ ಎಂದು ಆತ ಕಂಡುಕೊಂಡಿದ್ದ. ಪುರಾತತ್ವ ನಿಜವಾಗಿ ಹುಟ್ಟಿದ್ದು ಇಲ್ಲೇ ಎಂಬುದು ನನ್ನ ನಂಬಿಕೆ. ಮೇಲಧಿಕಾರಿಯಿಂದ ಅವನಿಗೆ ಸಿಕ್ಕಿದ್ದು ಕಿರಿಕಿರಿಯೇ ಹೆಚ್ಚು. 1764ರಲ್ಲಿ ವೆಬರ್ ತೀರಿಕೊಂಡ ಮೇಲೆ ಫ್ರಾನ್ಸೆಸ್ಕೊ ಲಾ ವೇಗ ಆ ಅಳತೆಯ ಕೆಲಸವನ್ನು ಮುಂದುವರಿಸಿದ.

ಹರ್ಕ್ಯುಲೇನಿಯಂನ ಒಂದು ಭಾಗ ಈಗ ಬಿಸಿಲು ಕಾಣುತ್ತಿದೆ. ರಂಗಮಂದಿರ ಮಾತ್ರ ಇನ್ನೂ ಭೂಗತ. ಮೆಟ್ಟಿಲಿಳಿದು ಹೋದವರಿಗೆ ತೇವದ ಗೋಡೆಗಳು, ಹಳೆಯ ಸಂದರ್ಶಕರು ಗೀಚಿದ ಹೆಸರುಗಳು ಕಾಣುತ್ತವೆ. ಒಂದೆಡೆ, ಗಟ್ಟಿಯಾದ ಬೂದಿಯಲ್ಲಿ ಪ್ರತಿಮೆಯೊಂದರ ಮುಖದ ಅಚ್ಚು ಹಾಗೇ ಮೂಡಿ ನಿಂತಿದೆ. ಸಂರಕ್ಷಕರಿಗೀಗ ಎರಡು ಜವಾಬ್ದಾರಿ: ಎರಡು ಸಾವಿರ ವರ್ಷ ಹಳೆಯ ಕಟ್ಟಡ ಒಂದು, ಅದನ್ನು ಸೂರೆಗೈಯಲು ಕೊರೆದ ಸುರಂಗಗಳು ಇನ್ನೊಂದು. ಅವೂ ಈಗ ಇತಿಹಾಸವೇ.