ಗಂಟಿನೊಳಗಿನ ವರಹ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಳೆಯ ಮನೆಗಳಲ್ಲಿ ಅಜ್ಜಿಯ ಕಾಲದ ಮರದ ಪೆಟ್ಟಿಗೆಯೊಂದು ಇರುವುದುಂಟು. ಅದರ ತಳದಲ್ಲಿ, ಅರಿಸಿನ ಹತ್ತಿದ ಬಟ್ಟೆಯ ಗಂಟಿನಲ್ಲಿ, ಎರಡೋ ಮೂರೋ ಹೊನ್ನಿನ ನಾಣ್ಯಗಳೂ ಇರಬಹುದು. ರೇಷ್ಮೆಗೂಡು ಮಾರಿ ಬಂದ ಹಣದಲ್ಲಿ ಒಂದಿಷ್ಟನ್ನು ಚಿನ್ನವಾಗಿ ಮಾಡಿಡುವುದು ಈ ಸೀಮೆಯ ಗೃಹಸ್ಥರ ವಾಡಿಕೆಯಷ್ಟೆ. ಗಂಟನ್ನು ಬಿಚ್ಚಿದವರು ಮೊದಲು ಕೇಳುವುದು “ತೂಕವೆಷ್ಟು?” ಎಂದು. “ಇದು ಯಾರ ನಾಣ್ಯ?” ಎಂದು ಕೇಳುವವರು ವಿರಳ. ಹಾಗೆ ಕೇಳದೆ ಕೆಟ್ಟವರಲ್ಲಿ ನಾವೂ ಒಬ್ಬರಾದುದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾವು ಮಕ್ಕಳಿಗೆ ಸಂಸ್ಕೃತ ಹೇಳಿಕೊಟ್ಟವರು. ಋಗ್ವೇದದ ‘ನಿಷ್ಕಗ್ರೀವ’ ಪದಕ್ಕೆ ಕೊರಳಲ್ಲಿ ನಿಷ್ಕವನ್ನು ಧರಿಸಿದವನೆಂದೂ, ಕಂಠಾಭರಣವಾಗಿದ್ದ ನಿಷ್ಕವೇ ಮುಂದೆ ಹೊನ್ನಿನ ನಾಣ್ಯದ ಹೆಸರಾಯಿತೆಂದೂ ಅರ್ಥ ಹೇಳುತ್ತಿದ್ದೆವು. ಇಂದಿನ ಕಾಸಿನ ಸರವೂ ಅದೇ ಸಂಪ್ರದಾಯದ್ದಲ್ಲವೇ? ಇಷ್ಟು ಬಲ್ಲ ನಾವೇ, ಮಗಳ ಮದುವೆಯ ಅವಸರದಲ್ಲಿ ಬಳೆಗೆ ಚಿನ್ನ ಸಾಲದೆ ಹೋದಾಗ, ನಮ್ಮ ಮಾತೃಶ್ರೀಯವರ ಗಂಟಿನಲ್ಲಿದ್ದ ಮೂರು ವರಹಗಳನ್ನು ಮೂಸೆಗೆ ಹಾಕಿಸಿದೆವು! ಒಂದರ ಮೇಲೆ ಶಿವಪಾರ್ವತಿಯರು ಕುಳಿತಿದ್ದುದೂ, ಹಿಂಬದಿಯಲ್ಲಿ ಪಾರಸಿ ಅಕ್ಷರವೊಂದಿದ್ದುದೂ ನೆನಪಿದೆ. ಬಹುಕಾಲದ ಮೇಲೆ ಪುಸ್ತಕವೊಂದರಲ್ಲಿ ಅದರ ಜೋಡಿಯ ಚಿತ್ರವನ್ನು ಕಂಡಾಗ ಅದು ಹೈದರಾಲಿಯ ವರಹವೆಂಬುದು ತಿಳಿಯಿತು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಆತನು ಇಕ್ಕೇರಿಯ ನಾಯಕರ ನಾಣ್ಯದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಇಡಿಸಿದನು.

ಇಂಥ ಸಂಗತಿಗಳನ್ನು ಹೇಳುವ ನಾಣ್ಯಗಳು ನಮ್ಮ ನಾಡಿನಲ್ಲಿ ಅನೇಕವಿವೆ. ಸುಮಾರು ೩.೪ ಗ್ರಾಂ ತೂಗುವ ವರಹದ ಮೇಲೆ ಆನೆಗಳನ್ನು ಹಿಡಿದ ಗಂಡಭೇರುಂಡವಿದ್ದರೆ ಅದು ವಿಜಯನಗರದ ಅಚ್ಯುತರಾಯನದು. ಮೈಸೂರಿನ ಕಂಠೀರವ ನರಸರಾಜ ಒಡೆಯರ (೧೬೩೮–೧೬೫೯) ಕಂಠೀರಾಯ ಹಣವಾದರೋ ಬೇಳೆಕಾಳಿನಷ್ಟು ಪುಟ್ಟದು. ಅರ್ಧ ಗ್ರಾಂ ಕೂಡ ತೂಗದು. ಆದರೂ ಅದರಲ್ಲಿ ನರಸಿಂಹಮೂರ್ತಿ ಇದೆ. ಕಾಸಿನ ಸರದ ಸವರನ್ನುಗಳನ್ನೂ ಅಲಕ್ಷಿಸತಕ್ಕದ್ದಲ್ಲ. ೧೯೧೮ರಲ್ಲಿ ಮುಂಬಯಿಯ ಟಂಕಸಾಲೆಯೂ ಸವರನ್ನುಗಳನ್ನು ಅಚ್ಚುಹಾಕಿತು; ಇಸವಿಯ ಮೇಲ್ಗಡೆ ‘ಐ’ ಎಂಬ ಇಂಗ್ಲಿಷ್ ಅಕ್ಷರವೇ ಅದರ ಗುರುತು.

ಕರಗದೆ ಉಳಿದುದರ ಬೆಲೆಯೇನೆಂಬುದಕ್ಕೆ ಅಮೆರಿಕಾ ದೇಶದ ನಿದರ್ಶನ ಸಾಕು. ೧೯೩೩ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಪ್ರಜೆಗಳು ಚಿನ್ನದ ನಾಣ್ಯಗಳನ್ನು ಒಪ್ಪಿಸಬೇಕೆಂದು ಆಜ್ಞೆ ಮಾಡಿದರು. ಸಂಗ್ರಾಹಕರ ಅಪರೂಪದ ನಾಣ್ಯಗಳಿಗೆ ವಿನಾಯಿತಿ ಕೊಟ್ಟರು. ಆ ವರ್ಷ ಅಚ್ಚಾದ ಇಪ್ಪತ್ತು ಡಾಲರಿನ ೪,೪೫,೫೦೦ ನಾಣ್ಯಗಳು ಚಲಾವಣೆಗೆ ಬಾರದೆ, ಬಹುಮಟ್ಟಿಗೆ ಎಲ್ಲವೂ ಮೂಸೆಗೆ ಬಿದ್ದವು. ಹೇಗೋ ಉಳಿದ ಕೆಲವರಲ್ಲಿ ಒಂದು, ೨೦೨೧ರ ಹರಾಜಿನಲ್ಲಿ ಸುಮಾರು ಒಂದು ಕೋಟಿ ಎಂಬತ್ತೊಂಬತ್ತು ಲಕ್ಷ ಡಾಲರಿಗೆ ಹೋಯಿತು. ಚಿನ್ನವು ಒಂದು ಔನ್ಸೂ ಇಲ್ಲ!

ನಮ್ಮ ಮನೆಯ ವರಹಗಳಿಗೆ ಅಂಥ ಬೆಲೆ ಬರುವುದೆಂದು ನಾವು ಆಸೆ ಹಚ್ಚುತ್ತಿಲ್ಲ. ಆದರೆ ಗೃಹಿಣಿಯರು ಕೆಲವು ಮಾತುಗಳನ್ನು ಗಮನಿಸಬೇಕು. ಹಳೆಯ ನಾಣ್ಯವನ್ನು ಹುಣಿಸೆಹಣ್ಣು ಹಾಕಿ ಉಜ್ಜಬಾರದು, ಅಚ್ಚು ಸವೆಯುವುದು. ತೂತು ಕೊರೆಯಿಸಲೂ, ಕೊಂಡಿ ಬೆಸೆಯಿಸಲೂ ಬಾರದು. ಸಂಗ್ರಾಹಕರ ದೃಷ್ಟಿಯಲ್ಲಿ ಅದು ಗಾಯ. ಖೋಟಾ ನಾಣ್ಯಗಳೂ ಹೇರಳವಾಗಿರುವುದರಿಂದ, ಕೊಳ್ಳುವಾಗಲೂ ಮಾರುವಾಗಲೂ ನಾಣ್ಯಶಾಸ್ತ್ರ ಬಲ್ಲವರಿಗೆ ತೋರಿಸತಕ್ಕದ್ದು. ನೆಲ ಅಗೆಯುವಾಗ ಸಿಕ್ಕಿದ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವು ೧೯೭೨ರ ಕಾಯಿದೆಯಂತೆ ಪ್ರಾಚೀನ ವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸಕೂಡದು.

ವರಮಹಾಲಕ್ಷ್ಮಿಯ ಪೂಜೆಗೆ ಗಂಟು ಬಿಚ್ಚಿದಾಗ ಪ್ರತಿಯೊಂದು ನಾಣ್ಯದ ತೂಕ, ಚಿತ್ರ, ಅದು ಯಾರಿಂದ ಬಂದುದೆಂಬ ವಿವರಗಳನ್ನು ಒಂದು ಕಾಗದದಲ್ಲಿ ಬರೆದು ಜೊತೆಯಲ್ಲಿಡಿರಿ. ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆಯಿರಿ. ನಮ್ಮ ಮಗಳ ಬಳೆಗಳು ಚೆನ್ನಾಗಿಯೇ ಇವೆ. ಆದರೆ ನಮ್ಮ ತಾಯಿಗೆ ಆ ವರಹಗಳನ್ನು ಕೊಟ್ಟವರು ಯಾರೆಂದು ಮೊಮ್ಮಗಳು ಮೊನ್ನೆ ಕೇಳಿದಾಗ, ಇಷ್ಟು ವರ್ಷ ಪಾಠ ಹೇಳಿದ ನಮ್ಮಲ್ಲಿ ಉತ್ತರವಿರಲಿಲ್ಲ.